ಬಾಯ್ಲರಿನ ಬಂದೋಬಸ್ತು

ಲಾಂಡ್ರಿಯ ಗೇಟು ಇನ್ನೂ ಇಪ್ಪತ್ತು ಹೆಜ್ಜೆ ದೂರವಿರುವಾಗಲೇ ಉಗಿಯಕ್ಕನ ಕಾಲು ನಿಂತಿತು. ಏನೋ ಕಡಿಮೆಯಾಗಿತ್ತು. ಗೋಡೆ ಇತ್ತು, ಗೇಟು ಇತ್ತು, ಚಿಮಣಿಯ ಬಾಯಲ್ಲಿ ಹೊಗೆಯೂ ಇತ್ತು, ಅದೂ ಎಂದಿಗಿಂತ ದಪ್ಪನೆಯ ಹೊಗೆ. ಇಲ್ಲದ್ದು ಸದ್ದು. ಮಧ್ಯಾಹ್ನ ಎರಡರ ಹೊತ್ತಿಗೆ ಬಾಯ್ಲರಿನ ನೆತ್ತಿಯ ಮೇಲಿನ ಸೇಫ್ಟಿ ವಾಲ್ವು ಆಗಾಗ ಸುಸ್ಸೆಂದು ಹೆಚ್ಚಿನ ಉಗಿಯನ್ನು ಸೂರಿನಾಚೆ ಬಿಡಬೇಕು. ಹತ್ತೊಂಬತ್ತು ವರ್ಷ ಆ ಸದ್ದು ಕೇಳಿಕೊಂಡೇ ಅವಳು ಗೇಟು ದಾಟಿದ್ದಳು. ತೊಟ್ಟಿಲಲ್ಲಿರುವ ಕೂಸು ಅಳುತ್ತಿದ್ದರೆ ತಾಯಿ ಸಾವಕಾಶವಾಗಿ ಕೈ ಒರೆಸಿಕೊಂಡು ಬರುತ್ತಾಳೆ. ಅಳು ತಟ್ಟನೆ ನಿಂತರೆ ಓಡುತ್ತಾಳೆ. ಉಗಿಯಕ್ಕ ಊಟದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದಳು.

ಅವಳಿಗೆ ಆ ಕಿವಿ ಬಂದದ್ದು ಗಂಡನಿಂದ. ಅವನು ಇದೇ ಬಾಯ್ಲರಿಗೆ ಸೌದೆ ಹಾಕುತ್ತಿದ್ದವನು. ವರ್ಷಗಟ್ಟಲೆ ಉಗಿಯ ಅಬ್ಬರದಲ್ಲಿದ್ದು ಕಿವಿ ಮಂದವಾಯಿತು. ಹೇಳಿದರೆ ಕೆಲಸ ಹೋಗುತ್ತದೆ. ಬಾಯ್ಲರಿನವನ ಕೆಲಸದಲ್ಲಿ ಅರ್ಧ ಕಣ್ಣಿನದು, ಅರ್ಧ ಕಿವಿಯದು. ಆಗ ಇವಳು ಊಟ ತರುವ ನೆಪ ಮಾಡಿ ಬಂದು, ಸೌದೆ ರಾಶಿಯ ಪಕ್ಕ ಕೂತು, ಅವನ ಬದಲು ಕೇಳತೊಡಗಿದಳು. ಒಳಗೆ ನೀರು ಮರಳುವ ಸದ್ದು ಬದಲಾದರೆ ಅವನ ಭುಜಕ್ಕೆ ಒಂದು ತಟ್ಟು, ವಾಲ್ವು ಉಸಿರು ಬಿಟ್ಟರೆ ಎರಡು. ಮೂರು ವರ್ಷ ಹೀಗೆ ನಡೆದರೂ ಯಾರಿಗೂ ತಿಳಿಯಲಿಲ್ಲ. "ಎಂಥಾ ಪ್ರೀತಿ ನೋಡು, ಗಂಡ ಉಣ್ಣೋವರೆಗೂ ಎದ್ದು ಹೋಗಲ್ಲ" ಎಂದು ಇಸ್ತ್ರಿ ಕೋಣೆಯ ಹೆಂಗಸರು ನಗುತ್ತಿದ್ದರು.

ಅವನು ತೀರಿಕೊಂಡ ಮೇಲೆ ಅವಳೇ ಬಾಯ್ಲರು ನಡೆಸುವವರ ಪರೀಕ್ಷೆಗೆ ಕೂತಳು. ಬರೆಯಲು ಬಾರದು, ಬಾಯಲ್ಲೇ ಕೇಳಿದರು. "ಮಟ್ಟ ತೋರಿಸೋ ಗಾಜಿನ ಕೊಳವೆಯಲ್ಲಿ ನೀರು ಕಾಣದೇ ಹೋದ್ರೆ ಮೊದಲು ಏನ್ ಮಾಡ್ತೀಯಮ್ಮ?"

"ಮೊದಲು ಬೆಂಕಿ ಎಳೀತೀನಿ ಸಾರ್. ಆಮೇಲೆ ದೇವರನ್ನ ನೆನೀತೀನಿ. ನೀರು ಮಾತ್ರ ಬಿಡಲ್ಲ. ಕೆಂಪಗೆ ಕಾದ ಬಾಣಲೆಗೆ ತಣ್ಣೀರು ಯಾವ ಹೆಂಗಸು ಸುರೀತಾಳೆ?"

ಪರೀಕ್ಷಕರು ನಕ್ಕು ಸಹಿ ಹಾಕಿದರು. ಅಂದಿನಿಂದ ಅವಳು ಉಗಿಯಕ್ಕ. ಕೋಪ ಬಂದಾಗ ಎದುರಿಗಿದ್ದವರು ಯಾರೇ ಆಗಲಿ ಉಗಿಯುತ್ತಿದ್ದಳಾದ್ದರಿಂದ ಹೆಸರು ಎರಡು ಕಡೆಯಿಂದಲೂ ಒಪ್ಪಿತು.

ಲಾಂಡ್ರಿಯಲ್ಲಿ ಅವಳ ಜೊತೆ ಕೂತು ಉಣ್ಣುತ್ತಿದ್ದವನು ಗುರುತಿನ ಮಾಮ. ಬಟ್ಟೆಗಳ ಅಂಚಿಗೆ ಮಾಸದ ಮಸಿಯಲ್ಲಿ ಗುರುತು ಬರೆಯುವುದು ಅವನ ಕೆಲಸ. ವಯಸ್ಸು ಎಪ್ಪತ್ತರ ಹತ್ತಿರ. ಹಿಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಅಲ್ಲಿ ಯಾರದೋ ನಿಘಂಟನ್ನು ಏಳು ವರ್ಷ ಜೋಡಿಸಿ ಜೋಡಿಸಿ, ಯಾವ ಮಾತು ಕೇಳಿದರೂ ಅದರ ಹೊಟ್ಟೆ ಬಗೆದು ನೋಡುವ ಚಟ ಹತ್ತಿಸಿಕೊಂಡಿದ್ದ.

"ನೋಡಕ್ಕಾ, ಕಟ್ಟಡ, ಕಟ್ಟೆ, ಕಟ್ಟಳೆ, ಕಟ್ಟುಪಾಡು ಎಲ್ಲಾ 'ಕಟ್ಟು' ಅನ್ನೋ ಒಂದೇ ತಾಯಿ ಮಕ್ಕಳು. ಹಗ್ಗ ಹಿಡ್ಕೊಂಡೇ ಹುಟ್ಟಿದವು."

"ಹಗ್ಗ ಇಲ್ಲದ ತಾಯಿ ಇಲ್ವಾ ಮಾಮ?"

"ಇದ್ದಾಳೆ. 'ಬಿಡು'. ಬಿಡುವು ಅವಳ ಮಗಳು, ಬಿಡುಗಡೆ ಅವಳ ಮಗಳು. ಆಶ್ಚರ್ಯ ಏನ್ ಗೊತ್ತಾ, ಬೀಡೂ ಅವಳದ್ದೇ. ಬೀಡು ಅಂದ್ರೆ ವಾಸದ ಜಾಗ. ದಂಡು ಬೀಡು ಬಿಡ್ತು ಅಂತೀವಲ್ಲ? ಹೊರೆ ಇಳಿಸಿ, ಎತ್ತಿನ ಕೊರಳು ಬಿಟ್ಟ ಕಡೆ ಮನೆ ಆಗೋದು."

"ಹಾಗಾದ್ರೆ ನಮ್ಮ ಮನೆ ಬೀಡಲ್ಲ ಬಿಡು. ಅಲ್ಲಿ ಹೋದ ಮೇಲೇ ಹೊರೆ ಶುರು" ಎನ್ನುತ್ತಿದ್ದಳು ಉಗಿಯಕ್ಕ. ಓದಿದವಳಲ್ಲ, ಆದರೆ ಕೇಳಿದ ಮಾತನ್ನು ಮರೆತವಳೂ ಅಲ್ಲ.

ಈಗ ಅವಳು ಬಾಯ್ಲರು ಮನೆಯ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದಳು.

ಸೇಫ್ಟಿ ವಾಲ್ವಿನಿಂದ ಒಂದು ಉದ್ದನೆಯ ಕಬ್ಬಿಣದ ತೋಳು ಚಾಚಿರುತ್ತದೆ. ತೋಳಿನ ತುದಿಯಲ್ಲಿ ಒಂದು ಗುಂಡು. ಒಳಗಿನ ಒತ್ತಡ ಅರವತ್ತೈದು ದಾಟಿದರೆ ಉಗಿ ಆ ತೋಳನ್ನು ತಾನೇ ಎತ್ತಿಕೊಂಡು ಹೊರಗೆ ಬರುತ್ತದೆ. ಆ ತೋಳಿಗೆ ಇಂದು ಗುಂಡಿನ ಜೊತೆಗೆ ಒಂದು ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ತಂತಿಯಿಂದ ಬಿಗಿದು ನೇತು ಹಾಕಿದ್ದರು. ಹಿಡಿ ಮುರಿದ, ಏಳೆಂಟು ಸೇರಿನ ಎರಕದ ಪೆಟ್ಟಿಗೆ. ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಿಡಲು ಮೂಲೆಯಲ್ಲಿ ಇಟ್ಟಿದ್ದು. ಗಡಿಯಾರದಂಥ ತಟ್ಟೆಯಲ್ಲಿ ಮುಳ್ಳು ಎಪ್ಪತ್ತೆಂಟು ತೋರಿಸುತ್ತಿತ್ತು. ಕೆಂಪು ಗೆರೆ ಇದ್ದದ್ದು ಎಪ್ಪತ್ತಕ್ಕೆ.

ಬೆಳಗಿನ ಪಾಳಿಯವನಿಗೆ ಜ್ವರ. ಅವನ ಬದಲು ಫಿಟ್ಟರು ನಿಂತಿದ್ದ. ಒಲೆಗೆ ಇನ್ನೊಂದು ಕೊರಡು ತಳ್ಳುತ್ತ ಹಲ್ಲು ಬಿಟ್ಟ. "ಬಾಯ್ಲರಿಗೂ ಇಸ್ತ್ರಿ ಹಾಕಿದೀವಿ ಅಕ್ಕಾ. ಗರಿಗರಿಯಾಗ್ಲಿ ಅಂತ."

"ಯಾರು ಹಾಕಿದ್ದು?"

"ಮ್ಯಾನೇಜರು. ಉಗಿ ಸುಮ್ನೆ ಪೋಲಾಗ್ತಿದೆ, ಬಂದೋಬಸ್ತು ಮಾಡು ಅಂದ್ರು. ಆಸ್ಪತ್ರೆದು ನಾನೂರು ಹಾಸು, ಆರಕ್ಕೆ ಲಾರಿ. ಇಸ್ತ್ರಿ ರೋಲರಿಗೆ ಬಿಸಿ ಸಾಲ್ತಿರ್ಲಿಲ್ಲ."

"ಆ ಕೊರಡು ಆಚೆ ತೆಗಿ."

"ಅಕ್ಕಾ, ಅವರು..."

"ತೆಗೀತೀಯೋ, ನಿನ್ನ ತಳ್ಳಲೋ?"

ಫಿಟ್ಟರು ತೆಗೆದ. ಉಗಿಯಕ್ಕ ಗಾಜಿನ ಕೊಳವೆ ನೋಡಿದಳು. ನೀರು ಅರ್ಧಕ್ಕಿತ್ತು. ಅದೊಂದೇ ಸಮಾಧಾನ. ಬಾಯ್ಲರಿನ ಹೊಟ್ಟೆಗೆ ಕಿವಿ ತೀರಾ ಹತ್ತಿರ ಒಯ್ದಳು. ಎಂದಿನ ಮರಳುವ ಸದ್ದಿಲ್ಲ. ಹಲ್ಲು ಕಚ್ಚಿಕೊಂಡವರು ಮೂಗಿನಲ್ಲಿ ಉಸಿರಾಡಿದ ಹಾಗಿತ್ತು. ತಗಡುಗಳನ್ನು ಜೋಡಿಸಿದ ಸಂದಿನಲ್ಲಿ ಎರಡು ರಿವೆಟ್ಟು ಮೊಳೆಗಳ ನಡುವೆ ಬೆವರಿನಂತೆ ನೀರು ಜಿನುಗಿ, ಜಿನುಗಿದ್ದು ಚುರ್ರೆಂದು ಆರುತ್ತಿತ್ತು. ಅದರ ಹಿಂದೆ ಒಂದೇ ಇಟ್ಟಿಗೆ ದಪ್ಪದ ಗೋಡೆ. ಗೋಡೆಯಾಚೆ ಇಸ್ತ್ರಿ ಕೋಣೆ. ಅಲ್ಲಿ ಹದಿನಾಲ್ಕು ಹೆಂಗಸರು. ರೋಲರಿನ ಮುಂದೆ ನಿಲ್ಲುವವಳು ಅವಳ ಒಬ್ಬಳೇ ಮಗಳು.

ಸದ್ದಿಗೆ ಮ್ಯಾನೇಜರು ಬಂದರು, ಅವರ ಹಿಂದೆಯೇ ಕಿವಿಗೆ ಕುಂಚ ಸಿಕ್ಕಿಸಿಕೊಂಡ ಗುರುತಿನ ಮಾಮ. ಮ್ಯಾನೇಜರು ಕೆಲಸಕ್ಕೆ ಸೇರಿ ಎರಡು ತಿಂಗಳು. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಒಂದು ಸುಕ್ಕೂ ಇರಲಿಲ್ಲ.

"ಬೆಂಕಿ ಯಾಕೆ ತೆಗೀತಿದೀರಿ?"

"ಮುಳ್ಳು ನೋಡಿ ಸಾರ್."

"ನೋಡಿದೀನಿ. ನೂರರವರೆಗೂ ಅಂಕಿ ಇದೆ. ಗಾಬರಿ ಬೇಡ, ಎಲ್ಲಾ ಹತೋಟಿಯಲ್ಲಿದೆ."

"ಆ ಅಂಕಿ ತಟ್ಟೆ ಮಾಡಿದವನದು ಸಾರ್. ಬಾಯ್ಲರಿನದಲ್ಲ. ಮೊದಲು ಹೆಂಗಸರನ್ನ ಆಚೆ ಕಳಿಸಿ."

"ಒಬ್ಬಳು ನೀರು ಕುಡಿಯೋಕೆ ಹೋದ್ರೆ ಹತ್ತು ಜನ ಹಿಂದೆ ಹೋಗ್ತಾರೆ. ಅದಕ್ಕೇ ಮಧ್ಯಾಹ್ನದಿಂದ ಬಾಗಿಲಿಗೆ ಬೀಗ ಹಾಕ್ಸಿದೀನಿ. ಲಾರಿ ಹೋದ ಮೇಲೆ ತೆಗೀತೀನಿ."

ಉಗಿಯಕ್ಕ ಕೈ ಚಾಚಿದಳು. ಇಸ್ತ್ರಿ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಕಿಟಕಿಗಳಿಗೆ ಸರಳು.

"ಬೀಗದ ಕೈ ಕೊಡಿ."

"ನನಗೆ ಆಜ್ಞೆ ಮಾಡ್ತೀರಾ?"

ಮಾಮನಿಗೆ ಸುಮ್ಮನಿರಲಾಗಲಿಲ್ಲ. "ಸ್ವಾಮಿ, ಹತೋಟಿ ಅನ್ನೋ ಮಾತು ನೆರೆಭಾಷೆಯಿಂದ ಬಂದಿದ್ದು. ಅಲ್ಲಿ ಅದು ಕೈಚಳಕ. 'ಹಾತ್' ಅಂದ್ರೆ ಕೈ. ಕೆಲಸ ಮಾಡೋ ಕೈಗೆ ಗೊತ್ತಿರೋ ಗುಟ್ಟಿಗೆ ಆ ಹೆಸರು. ನಿಮ್ಮ ಕೈ ಜೇಬಿನಲ್ಲಿದೆ."

"ಹಾಗೇ ಈ ಬಂದೋಬಸ್ತು..." ಎಂದು ಅವನು ಮುಂದುವರಿಯುವಷ್ಟರಲ್ಲಿ ರಿವೆಟ್ಟಿನ ಸಂದಿಯಿಂದ ಪಿಚಕ್ಕನೆ ಒಂದು ಎಳೆ ಬಿಸಿನೀರು ಚಿಮ್ಮಿ ಮ್ಯಾನೇಜರ ತೋಳಿಗೆ ಬಡಿಯಿತು. ಹೊಡೆದದ್ದು ನಾಲ್ಕು ಹನಿ ಇರಬಹುದು. ಅವರು "ಅಯ್ಯಪ್ಪಾ!" ಎಂದವರು ಹಿಂದೆ ತಿರುಗಿ ನೋಡದೆ ಅಂಗಳ ದಾಟಿ, ಗೇಟು ದಾಟಿ, ಬೀದಿಗೆ ಓಡಿದರು. ಬೀಗದ ಕೈ ಅವರ ಜೇಬಿನಲ್ಲಿಯೇ ಹೋಯಿತು.

ಮುಳ್ಳು ಎಂಬತ್ತೊಂದು.

"ಮಾಮ, ಹಿಡೀರಿ ಅವರನ್ನ."

"ನಾನಾ? ಈ ಮಂಡಿ ಇಟ್ಕೊಂಡಾ?"

"ಮಾತು ಓಡ್ಸೋದು ಸಾಕು, ಕಾಲು ಓಡ್ಸಿ!"

ಮಾಮ ಪಂಚೆ ಎತ್ತಿಕೊಂಡು ಹೊರಟ. ಉಗಿಯಕ್ಕ ಫಿಟ್ಟರ ಕಡೆ ತಿರುಗಿದಳು. ಬೆಂಕಿ ಎಳೆಯಲು ಇಬ್ಬರು ಬೇಕು. ಒಬ್ಬರು ಕೊಕ್ಕೆಯಿಂದ ಕೆಂಡ ಎಳೆದರೆ ಇನ್ನೊಬ್ಬರು ಅದನ್ನು ಆಚೆ ಸರಿಸಬೇಕು. ಆದರೆ ಬೀಗ ಒಡೆಯಲೂ ಒಬ್ಬ ಬೇಕು. ಒಳಗೆ ಬೆಂಕಿ ಇರುವಷ್ಟು ಹೊತ್ತೂ ಒತ್ತಡ ಏರುತ್ತದೆ. ಬಾಗಿಲು ಮುಚ್ಚಿರುವಷ್ಟು ಹೊತ್ತೂ ಹದಿನಾಲ್ಕು ಜನ ಗೋಡೆಯ ಹಿಂದೆ. ಯಾವುದು ಮೊದಲು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಳ ಹತ್ತೊಂಬತ್ತು ವರ್ಷ ಈಗ ಆ ನಿಮಿಷದ ಕೈಯಲ್ಲಿತ್ತು.

"ಹಾರೆ ತಗೊಂಡು ಹೋಗು. ಬೀಗ ಒಡೀಬೇಡ, ಚಿಲಕ ಸಿಕ್ಕೋ ಚೌಕಟ್ಟಿನ ಮರ ಮೀಟು. ಅದು ಬೇಗ ಬಿಡುತ್ತೆ."

"ಅಕ್ಕಾ, ನೀವೊಬ್ಬರೇ..."

"ಹೋಗೋ!"

ಅವಳು ಚಿಮಣಿಯ ತಗಡು ಮುಚ್ಚಿ ಗಾಳಿ ತಡೆದಳು. ಸೆರಗು ಸೊಂಟಕ್ಕೆ ಬಿಗಿದು ಒಲೆಯ ಬಾಯಿ ತೆರೆದಳು. ಕೊಕ್ಕೆ ಹಾಕಿ ಎಳೆದಾಗ ಮೊದಲ ರಾಶಿ ಕೆಂಡ ಕಾಲ ಬಳಿ ಬಂದು ಬಿತ್ತು. ಕೆದಕಿದ ಬೆಂಕಿ ಒಮ್ಮೆ ಭುಗಿಲೇಳುವುದು ವಾಡಿಕೆ. ಮುಳ್ಳು ಎಂಬತ್ತಮೂರಕ್ಕೆ ಸರಿಯಿತು. ಎಳೆದಳು. ಕಾಲಿನಿಂದಲೇ ಒದ್ದು ಸರಿಸಿದಳು. ಮತ್ತೆ ಎಳೆದಳು. ಚಪ್ಪಲಿಯ ಅಂಚು ಕರಗಿ ನೆಲಕ್ಕೆ ಅಂಟುತ್ತಿತ್ತು. ಗೋಡೆಯಾಚೆಯಿಂದ ಯಾರೋ ನಗುವುದು ಕೇಳಿಸಿತು. ಅವರಿಗೆ ಏನೂ ಗೊತ್ತಿಲ್ಲ. ರೋಲರಿನ ಗರಗರದ ನಡುವೆ ಯಾರೋ ಯಾರಿಗೋ ಅತ್ತೆಯ ಸುದ್ದಿ ಹೇಳುತ್ತಿದ್ದರು.

ಹಾರೆಯ ಮೊದಲ ಪೆಟ್ಟಿಗೆ ನಗು ನಿಂತಿತು. ಎರಡನೆಯದಕ್ಕೆ ಕಿರುಚಾಟ. "ಯಾರ್ರೀ ಅದು?" "ಬಾಗಿಲು ಮುರೀತಿದಾರೆ!" ಮೂರು, ನಾಲ್ಕು. ಮುಳ್ಳು ಎಂಬತ್ತನಾಲ್ಕು. ಐದು. ಮರ ಸೀಳಿದ ಸದ್ದು ಕೇಳಿತು, ಆಮೇಲೆ ಅಂಗಳದಲ್ಲಿ ಹೆಜ್ಜೆಗಳ ಸದ್ದು, ಬಹಳ ಹೆಜ್ಜೆಗಳು. ಉಗಿಯಕ್ಕ ಎಣಿಸಲು ನೋಡಿದಳು, ಆಗಲಿಲ್ಲ.

"ಅಮ್ಮಾ!" ಮಗಳು ಹೊಸ್ತಿಲಲ್ಲಿ ನಿಂತಿದ್ದಳು. "ಬಾ ಆಚೆ!"

"ಎಲ್ಲರೂ ಬಂದ್ರಾ?"

"ಬಂದ್ರು. ನೀನೂ ಬಾ, ಬಿಟ್ಟು ಬಾ ಅದನ್ನ!"

"ಬಿಟ್ಟು ಬರೋದಲ್ಲ ಇದು. ಹೊರಗೋಡೆ ಆಚೆ ಬೀದಿ ಇದೆ, ಓಡಾಡೋ ಜನ ಇದಾರೆ. ಒಂದು ಒದ್ದೆ ಹಾಸು ಎಸಿ ಇತ್ತ. ಎಸೆದು ಗೇಟಿನಾಚೆ ದೂರ ನಿಂತ್ಕೋ."

ಮಗಳು ಒಗೆದ ರಾಶಿಯಿಂದ ಒಂದು ಹಾಸು ಎಳೆದು ಎಸೆದಳು. ಎಸೆದಳು, ಆದರೆ ಹೋಗಲಿಲ್ಲ. ಬೈಯಲು ಸಮಯವಿರಲಿಲ್ಲ. ಉಗಿಯಕ್ಕ ಒದ್ದೆ ಬಟ್ಟೆಯನ್ನು ಕೈಗೆ ಮೊಣಕೈವರೆಗೆ ಸುತ್ತಿಕೊಂಡು ಏಣಿ ಹತ್ತಿದಳು. ತಂತಿಯನ್ನು ಕತ್ತರಿಸಿದರೆ ತೋಳು ಎಗರಿ, ಅಷ್ಟೂ ಉಗಿ ಒಂದೇ ಸಲ ನುಗ್ಗಿ, ಒಳಗಿನ ನೀರೆಲ್ಲ ಎದ್ದು ಬಡಿಯುತ್ತದೆ. ಗಂಡ ಎಷ್ಟೋ ಸಲ ಹೇಳಿದ್ದ. ಎಡಗೈಯಿಂದ ತೋಳನ್ನು ಕೆಳಕ್ಕೆ ಒತ್ತಿ ಹಿಡಿದು, ಬಲಗೈಯಿಂದ ತಂತಿಯ ಸುತ್ತು ಬಿಚ್ಚಿದಳು. ಒಂದು ಸುತ್ತು. ಎರಡು. ಫಿಟ್ಟರು ಆರು ಸುತ್ತು ಹಾಕಿದ್ದ, ಪುಣ್ಯಾತ್ಮ. ಪೆಟ್ಟಿಗೆ ಧೊಪ್ಪೆಂದು ಕೆಂಡದ ಮೇಲೆ ಬಿತ್ತು.

ಈಗ ತೋಳು ಅವಳ ಅಂಗೈಯನ್ನು ಮೇಲಕ್ಕೆ ದೂಡುತ್ತಿತ್ತು. ಅವಳು ಒಮ್ಮೆಗೇ ಬಿಡಲಿಲ್ಲ. ಕೂದಲೆಳೆಯಷ್ಟು ಸಡಿಲಿಸಿದಳು. ಸೂರಿನ ಕೊಳವೆಯಲ್ಲಿ ಸಿಳ್ಳೆ ಎದ್ದಿತು. ಇನ್ನೊಂದು ಎಳೆ ಬಿಟ್ಟಾಗ ಸಿಳ್ಳೆ ಹೋಗಿ ಕೂಗಾಯಿತು. ಇಡೀ ತಗಡಿನ ಸೂರು ನಡುಗಿತು. ಎಂಬತ್ತೆರಡು. ಕಣ್ಣಿಗೆ ಬೆವರು ಇಳಿದು ಮುಳ್ಳು ಕಾಣದಾಯಿತು.

"ಎಷ್ಟು?" ಎಂದು ಕೂಗಿದಳು.

"ಎಪ್ಪತ್ತೊಂಬತ್ತು!" ಕೆಳಗಿನಿಂದ ಮಗಳ ದನಿ. "ಎಪ್ಪತ್ತಾರು... ಅಮ್ಮಾ, ಎಪ್ಪತ್ತು!"

ಅರವತ್ತೈದರ ಕೆಳಗೆ ಮುಚ್ಚಿಕೊಳ್ಳಲು ನೋಡಿದ ತೋಳನ್ನು ಉಗಿಯಕ್ಕ ತಾನೇ ಎತ್ತಿ ಹಿಡಿದು, ಐವತ್ತಕ್ಕೆ ಬಂದಾಗ ಕೈ ತೆಗೆದಳು. ಬಟ್ಟೆ ಒಣಗಿ ಬಿಳಿ ಹಪ್ಪಳದಂತಾಗಿತ್ತು. ಬೆರಳು ಮಡಚಲು ಬರಲಿಲ್ಲ.

ಅಂಗಳದಲ್ಲಿ ಹೆಂಗಸರು ಬುಟ್ಟಿಗಳನ್ನು ಬೋರಲು ಹಾಕಿ ಕೂತಿದ್ದರು. ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಬಿಟ್ಟಲ್ಲಿಂದ ಅತ್ತೆಯ ಕಥೆ ಮುಂದುವರಿಸಿದ್ದಳು. ಗೇಟಿನಲ್ಲಿ ಏದುಸಿರು ಬಿಡುತ್ತ ಮಾಮ ಬಂದ, ಅವನ ಕೈಯಲ್ಲಿ ಮ್ಯಾನೇಜರ ತೋಳು. ಮ್ಯಾನೇಜರು ಬೀಗದ ಕೈಯನ್ನು ಮುಂದೆ ಚಾಚಿದರು. "ತಂದಿದೀನಿ" ಎಂದರು.

"ಚೌಕಟ್ಟೇ ಸೀಳಿದೆಯಲ್ಲ ಸಾರ್, ಈಗ ಎಲ್ಲಿ ಹಾಕ್ತೀರಾ?" ಎಂದಳೊಬ್ಬಳು. ಯಾರೂ ಜೋರಾಗಿ ನಗಲಿಲ್ಲ.

ಸುದ್ದಿ ಮುಟ್ಟಿ ಲಾಂಡ್ರಿಯ ಯಜಮಾನರು ಬಂದರು. ಸೀಳಿದ ಚೌಕಟ್ಟು ನೋಡಿದರು, ಕೆಂಡ ನೋಡಿದರು, ಕೆಂಡದಲ್ಲಿ ಬಿದ್ದಿದ್ದ ಇಸ್ತ್ರಿ ಪೆಟ್ಟಿಗೆ ನೋಡಿದರು. ಆಮೇಲೆ, "ಆಸ್ಪತ್ರೆಯವರು ಎರಡು ಸಲ ಫೋನ್ ಮಾಡಿದ್ರು ಅಕ್ಕಾ. ಒದ್ದೆ ಹಾಸು ಇನ್ನೂರಿದೆ" ಎಂದರು.

ಉಗಿಯಕ್ಕನಿಗೆ ಅದು ಗೊತ್ತಿತ್ತು. ಅಲ್ಲಿ ಮಲಗಿದವರ ತಪ್ಪೇನೂ ಇರಲಿಲ್ಲ. "ರಿವೆಟ್ಟು ನೋಡೋವರೆಗೆ ನಲವತ್ತರ ಮೇಲೆ ಏರಿಸಲ್ಲ. ನಿಧಾನ ಆಗುತ್ತೆ. ಲಾರಿ ಕಾಯ್ಲಿ. ಆದ್ರೆ ಆ ಬಾಗಿಲಿಗೆ ಹೊರಗಡೆ ಚಿಲಕ ಇರೋವರೆಗೆ ನಾನು ಕಡ್ಡಿ ಗೀರಲ್ಲ."

"ನಾಳೆ ತೆಗೆಸ್ತೀನಿ."

"ಹಾಗಾದ್ರೆ ಬೆಂಕಿನೂ ನಾಳೆ."

ಯಜಮಾನರು ಫಿಟ್ಟರ ಕಡೆ ನೋಡಿ ತಲೆಯಾಡಿಸಿದರು. ಅವನು ಸ್ಕ್ರೂಡ್ರೈವರು ತಂದ. ಮಾಮನ ಉಸಿರು ಅಷ್ಟರಲ್ಲಿ ಹದಕ್ಕೆ ಬಂದಿತ್ತು. "ಅಕ್ಕಾ, ಆಗ ಅರ್ಧಕ್ಕೆ ನಿಂತಿತ್ತು. ಬಂದೋಬಸ್ತು ಇದೆಯಲ್ಲ, ಅದು ದೂರದೇಶದ ಮಾತು. 'ಬಂದ್' ಅಂದ್ರೂ ಕಟ್ಟು, 'ಬಸ್ತ್' ಅಂದ್ರೂ ಕಟ್ಟಿದ್ದು. ಕಟ್ಟಿ, ಅದರ ಮೇಲೆ ಇನ್ನೊಂದು ಸಲ..."

"ಮಾಮ, ಮಾತು ಆಮೇಲೆ ಬಿಚ್ಚಿ. ಮೊದಲು ಅವನು ಸ್ಕ್ರೂ ಬಿಚ್ಚಲಿ."

ಚಿಲಕಕ್ಕೆ ಆರು ಸ್ಕ್ರೂ ಇದ್ದವು. ಐದು ಬಂದವು. ಆರನೆಯದು ತುಕ್ಕು ಹಿಡಿದು ಕೂತಿತ್ತು. "ಇದೊಂದು ಇರ್ಲಿ ಅಕ್ಕಾ, ಒಂದರಲ್ಲಿ ಏನೂ ನಿಲ್ಲಲ್ಲ" ಎಂದ ಫಿಟ್ಟರು. ಉಗಿಯಕ್ಕ ಕಡ್ಡಿಪೆಟ್ಟಿಗೆ ಮುಟ್ಟದೆ ಸೌದೆ ರಾಶಿಯ ಮೇಲೆ ಕೂತಳು. ಮಗಳು ತಂದ ತಣ್ಣೀರಿನ ಪಾತ್ರೆಯಲ್ಲಿ ಕೈ ಇಳಿಬಿಟ್ಟಳು. ಮುಖ ಕಿವುಚಿದಳು. ಫಿಟ್ಟರು ಗೊಣಗುತ್ತ ಗರಗಸದ ಅಲಗು ತಂದು ಆರನೆಯದರ ಕತ್ತು ಕೊಯ್ಯತೊಡಗಿದ. ಹದಿನಾಲ್ಕು ಹೆಂಗಸರೂ ಯಜಮಾನರೂ ನಿಂತು ನೋಡಿದರು. ಚಿಲಕ ನೆಲಕ್ಕೆ ಬಿದ್ದಾಗ ಮಗಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ತಳ್ಳಿ ತೆರೆದಳು. ಇನ್ನೊಮ್ಮೆ ಎಳೆದು, ಇನ್ನೊಮ್ಮೆ ತೆರೆದಳು.

ಉಗಿಯಕ್ಕ ಎದ್ದಳು. "ಬೆರಳು ಮಡಚ್ತಿಲ್ಲ. ಯಾರಾದ್ರೂ ಕಡ್ಡಿ ಗೀರಿ ಕೊಡಿ" ಎಂದಳು.