ಅತ್ತೆಯ ಅಕ್ಕನ ಮನೆಯ ದಿಬ್ಬ

ಹಾಸಿಗೆ ಹೊಲಿಯುವ ಹತ್ತಿಮಾಮನಿಗೆ ಕೂತಲ್ಲಿ ನಿಂತಲ್ಲಿ ನಿದ್ದೆ ಬರುತ್ತದೆ ಎಂದು ಬೀದಿಯವರೆಲ್ಲ ತಮಾಷೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಿರಾಕಿ ಬಟ್ಟೆ ಆರಿಸುವಷ್ಟರಲ್ಲಿ ಮಾಮ ಒಂದು ಸಣ್ಣ ನಿದ್ದೆ ತೆಗೆದು, ಏನೂ ಆಗದವನಂತೆ ಅಳತೆಯ ಟೇಪು ಹಿಡಿದು ನಿಂತಿರುತ್ತಿದ್ದ. ಅಂಥವನ ನಿದ್ದೆಯನ್ನೂ ಕೆಡಿಸಿದ್ದು ಮನೆಯ ಹಳೆಯ ವ್ಯಾನು.

ಮಗಳು ಹುಟ್ಟುವ ಮೊದಲೇ ಮನೆಗೆ ಬಂದಿದ್ದ ವ್ಯಾನು ಅದು. ವಾರವೆಲ್ಲ ಹಾಸಿಗೆ ಹೊರುತ್ತಿತ್ತು, ರಜೆಯ ದಿನ ಸಂಸಾರ ಹೊರುತ್ತಿತ್ತು. ಅದರ ಎ.ಸಿ. ಕೆಟ್ಟು ಎಷ್ಟು ಕಾಲವಾಗಿತ್ತೋ, ಅದರ ಗುಂಡಿ ಒತ್ತುವ ಅಭ್ಯಾಸವೂ ಮನೆಯವರಿಗೆ ತಪ್ಪಿಹೋಗಿತ್ತು. ಎಡಗಡೆಯ ಬಾಗಿಲನ್ನು ಮಾಮನ ಹೆಂಡತಿಯೇ ಹಾಕಬೇಕು. ಉಳಿದವರು ಎಷ್ಟು ಬಡಿದರೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಇಷ್ಟಿದ್ದೂ ಗಾಡಿಯ ಬಗ್ಗೆ ಯಾರಾದರೂ ಹಗುರವಾಗಿ ಆಡಿದರೆ ಮಾಮನ ಮುಖ ಚಿಕ್ಕದಾಗುತ್ತಿತ್ತು.

ಆ ಬೇಸಿಗೆಯಲ್ಲಿ ಮಾಮನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಗಳ ಮನೆಗೆ ಬಂದಿದ್ದರು. ಅವರ ಅಕ್ಕನಿಗೆ ಮಂಡಿಯ ಆಪರೇಷನ್ ಆಗಿತ್ತು. ಅಕ್ಕನ ಮನೆ ಇದ್ದದ್ದು ಊರಾಚೆಯ ದಿಬ್ಬದ ನೆತ್ತಿಯಲ್ಲಿ. ಕರೆದುಕೊಂಡು ಹೋಗುತ್ತೇನೆ ಎಂದು ಮಾಮನೇ ಮುಂದಾಗಿ ಒಪ್ಪಿಕೊಂಡ. ದಿಬ್ಬದ ಬುಡದ ತನಕ ವ್ಯಾನು ಚೆನ್ನಾಗಿಯೇ ಓಡಿತು. ಅರ್ಧ ದಿಬ್ಬದ ತಿರುವಿಗೆ ಬರುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಮಾಮ ಟವೆಲು ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸಲು ಹೊರಟಾಗ ಹೆಂಡತಿ ಅಂಗಿಯ ಹಿಂಭಾಗ ಹಿಡಿದು ಎಳೆದಳು. ಕುದಿಯುವ ನೀರು ಮುಖಕ್ಕೆ ಹಾರಿದರೆ ಆಮೇಲೆ ದೊಡ್ಡಮ್ಮನ ಬದಲು ನಿಮ್ಮನ್ನೇ ಆಸ್ಪತ್ರೆಯಲ್ಲಿ ನೋಡಬೇಕಾಗುತ್ತದೆ ಎಂದಳು. ಎಂಜಿನ್ ಆರುವ ತನಕ ಅತ್ತೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಮೇಲೆ ಕಾಣುತ್ತಿದ್ದ ಅಕ್ಕನ ಮನೆಯ ಕಿಟಕಿಯನ್ನು ನೋಡುತ್ತಿದ್ದರು. ಆಮೇಲೆ ನೀರು ತುಂಬಿಸಿಕೊಂಡು ಎಲ್ಲರೂ ವಾಪಸು ಬಂದರು.

ಮೆಕ್ಯಾನಿಕ್ ಮಾಮನ ಹಳೆಯ ಗೆಳೆಯ. ಅವನ ಮನೆಯ ಹಾಸಿಗೆಗಳೆಲ್ಲ ಮಾಮನ ಕೈಯವೇ. ಅವನು ಕೂಲಂಟ್ ನೋಡಿದ, ಪೈಪುಗಳನ್ನು ಹಿಸುಕಿದ, ಬೆಲ್ಟು ಎಳೆದ, ಫ್ಯಾನು ತಿರುಗುವುದನ್ನು ನೋಡಿ ತಲೆಯಾಡಿಸಿದ. ಎಲ್ಲೂ ಸೋರಿಕೆ ಇರಲಿಲ್ಲ. ನೀರನ್ನು ಎಂಜಿನ್ನಿಂದ ರೇಡಿಯೇಟರ್ ಕಡೆಗೆ ಬಿಡುವ ಥರ್ಮೋಸ್ಟಾಟ್ ಅಂಟಿಕೊಂಡಿರಬೇಕು ಎಂದು ಹೇಳಿ ಅದನ್ನೂ ಮುಚ್ಚಳವನ್ನೂ ಹೊಸದಾಗಿ ಹಾಕಿದ. ಬೀದಿಯಲ್ಲಿ ಓಡಿಸಿ ನೋಡಿದರೆ ಮುಳ್ಳು ಅಲುಗಲಿಲ್ಲ. ಮಾಮ ಗೆದ್ದವನ ಹಾಗೆ ಮನೆಗೆ ಬಂದ.

ಎರಡನೆಯ ಸಲವೂ ಅದೇ ತಿರುವಿನಲ್ಲಿ ಮುಳ್ಳು ಏರತೊಡಗಿತು. ಹೀಟರ್ ಹಾಕಿದರೆ ಎಂಜಿನ್ನಿನ ಬಿಸಿ ಒಳಗೆ ಬಂದು ಅದು ಸ್ವಲ್ಪ ತಣ್ಣಗಾಗುತ್ತದೆ ಎಂದು ಮಾಮ ಎಲ್ಲೋ ಕೇಳಿದ್ದ. ಸುಡುಬಿಸಿಲಿನಲ್ಲಿ ಹೀಟರನ್ನು ಪೂರ್ತಿ ತಿರುಗಿಸಿದ. ಮುಳ್ಳೇನೋ ತುಸು ಇಳಿಯಿತು. ಆದರೆ ಒಳಗಿದ್ದವರು ಬೆಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಅಕ್ಕನನ್ನು ನೋಡುವ ಮೊದಲು ತಾನೇ ಹೋಗಿಬಿಡುವ ಹಾಗಿದೆ, ಗಾಡಿ ತಿರುಗಿಸಿ ಎಂದರು. ಮನೆಗೆ ಬಂದು ಒಂದು ಚೊಂಬು ನೀರು ಕುಡಿದ ಮೇಲೆ, ಬಹಳ ಮೆತ್ತಗೆ ಕೇಳಿದರು:

"ಅಳಿಯಂದಿರೇ, ಹಾಸಿಗೆ ತಲುಪಿಸೋಕೆ ಹೋಗುವಾಗ ಈ ಗಾಡಿ ಕುದಿಯಲ್ಲ. ನಮ್ಮಕ್ಕನ ಮನೆಗೆ ಅಂದ್ರೆ ಮಾತ್ರ ಕುದಿಯುತ್ತಲ್ಲ, ಯಾಕಿರಬಹುದು?"

ಊರೊಳಗೆ ರಸ್ತೆಯೆಲ್ಲ ಸಮತಟ್ಟು, ಹಾಸಿಗೆ ತೂಕವೂ ಕಡಿಮೆ ಎಂದು ಮಾಮ ವಿವರಿಸಲು ಹೋದ. ಅತ್ತೆ "ಇರಬಹುದು, ಇರಬಹುದು" ಎಂದು ಮಲಗಲು ಎದ್ದರು. ಬೈದಿದ್ದರೆ ಮಾಮ ಸಹಿಸುತ್ತಿದ್ದ. ಆ ಎರಡು "ಇರಬಹುದು" ಅವನ ಎದೆಗೆ ನಾಟಿದವು. ನಿಜ ಹೇಳಬೇಕೆಂದರೆ ಹೆಂಡತಿಯ ದೊಡ್ಡಮ್ಮನ ಮನೆಗೆ ಹೋಗುವುದೆಂದರೆ ಅವನಿಗೆ ಅಷ್ಟಕ್ಕಷ್ಟೇ. ಅಲ್ಲಿ ಮಾತು ಜಾಸ್ತಿ, ನಿದ್ದೆಗೆ ಅವಕಾಶ ಕಡಿಮೆ. ಆದರೆ ಅದಕ್ಕಾಗಿ ಎಂಜಿನ್ ಕುದಿಸುವಷ್ಟು ಕಲೆ ತನ್ನಲ್ಲಿದೆ ಎಂದು ಅತ್ತೆ ನಂಬಿದ್ದು ಅವನನ್ನು ಕಂಗೆಡಿಸಿತು.

ಮರುದಿನ ಅಂಗಡಿಗೆ ರಜೆ ಹಾಕಿ, ಹತ್ತಿ ಹಿಂಜುವ ಶೆಡ್ಡಿನ ಮುಂದೆ ನಿಂತಿದ್ದ ವ್ಯಾನಿನ ಎದುರು ಮೊಣಕಾಲೂರಿ ಕೂತ. ಮುಂದಿನ ಜಾಲರಿ ಬಿಚ್ಚಿದ. ಎದುರಿಗೆ ಕಂಡದ್ದು ಕೆಟ್ಟುಹೋದ ಎ.ಸಿ.ಯ ತೆಳು ಹಲಗೆ, ಅದರ ಹಿಂದೆ ರೇಡಿಯೇಟರ್. ಮೇಲುಮೇಲೆ ಎಲ್ಲ ಸ್ವಚ್ಛವಾಗಿಯೇ ಇತ್ತು. ಹಾಸಿಗೆಬಟ್ಟೆ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡದೆ ಬಿಡುವವನಲ್ಲ ಮಾಮ. ಅದೇ ಬುದ್ಧಿ ಇಲ್ಲೂ ಓಡಿತು. ಹೆಂಡತಿಯನ್ನು ಕರೆದು ಗಾಡಿಯ ಮೂತಿಯ ಮುಂದೆ ಕೂರಿಸಿ, ತಾನು ಎಂಜಿನ್ನಿನ ಕಡೆಯಿಂದ ಫ್ಯಾನಿನ ರೆಕ್ಕೆಗಳ ನಡುವೆ ಟಾರ್ಚು ತೂರಿಸಿದ.

"ಬೆಳಕು ಕಾಣ್ತಾ?"

"ಯಾವ ಬೆಳಕು?"

"ಟಾರ್ಚಿಂದು."

"ಹಾಕಿದ್ದೀರಾ ಮೊದಲು?"

ಹಾಕಿದ್ದ. ಒಂದು ಮೂಲೆ ಬಿಟ್ಟರೆ ಎಲ್ಲೂ ಸೂಜಿಮೊನೆಯಷ್ಟು ಬೆಳಕು ಆಚೆ ಬರುತ್ತಿರಲಿಲ್ಲ. ಮಾಮ ಬೋಲ್ಟು ಸಡಿಲಿಸಿ ಎ.ಸಿ.ಯ ಹಲಗೆಯನ್ನು ಮೆಲ್ಲಗೆ ಮುಂದಕ್ಕೆ ವಾಲಿಸಿದ. ಹಿಂದೆ, ರೇಡಿಯೇಟರ್ ಮೈಗೆ ಅಂಟಿಕೊಂಡು, ಎಣ್ಣೆ ಧೂಳು ಕುಡಿದು ಬೂದುಬಣ್ಣಕ್ಕೆ ತಿರುಗಿದ ಹತ್ತಿಯ ಪದರ ಕೂತಿತ್ತು. ಅಂಚು ಹಿಡಿದು ಎಳೆದರೆ ಚಾಪೆಯಂತೆ ಇಡಿಯಾಗಿ ಸುಲಿದು ಬಂತು.

ಆಗ ಎಲ್ಲ ಅರ್ಥವಾಯಿತು. ಬೆಳಿಗ್ಗೆ ಹಿಂಜುವ ಯಂತ್ರ ಚಾಲೂ ಮಾಡಿ, ವ್ಯಾನಿನ ಎಂಜಿನ್ನನ್ನೂ ಹಾಗೇ ಓಡಲು ಬಿಟ್ಟು, ಮಾಮ ಹಾಸಿಗೆ ತುಂಬಿಸುತ್ತಿದ್ದ. ಗಾಡಿಯ ಮೂತಿ ಸರಿಯಾಗಿ ಶೆಡ್ಡಿನ ಬಾಗಿಲಿಗೆ ನೇರ. ಬಾಗಿಲಿಂದ ಹಾರಿದ ಎಳೆಗಳನ್ನೆಲ್ಲ ಫ್ಯಾನು ವರ್ಷಗಟ್ಟಲೆ ಒಳಕ್ಕೆ ಎಳೆದುಕೊಂಡಿತ್ತು. ಗಾಳಿಯಾಡದೆ ರೇಡಿಯೇಟರ್ ತಣಿಯುವುದಾದರೂ ಹೇಗೆ?

ಹೆಂಡತಿ ಆ ಪದರವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಊರಿಗೆಲ್ಲ ಆಯ್ತು, ಈಗ ಎಂಜಿನ್ನಿಗೂ ಹಾಸಿಗೆ ಮಾಡಿಕೊಟ್ಟಿದ್ದೀರಾ," ಎಂದಳು. ಮಾಮ ನಾಚಿಕೊಂಡ. ಆದರೂ ಪದರ ಎಲ್ಲೂ ಗಂಟಾಗದೆ ಎಷ್ಟು ಸಮನಾಗಿ ಕೂತಿದೆ ಎಂದು ಬೆರಳಲ್ಲಿ ಸವರಿ ನೋಡದೆ ಇರಲಾಗಲಿಲ್ಲ.

ಸುದ್ದಿ ಕೇಳಿ ಮೆಕ್ಯಾನಿಕ್ ನಗುತ್ತಲೇ ಬಂದ, ಎ.ಸಿ. ಹಲಗೆಯ ಹಿಂದೆ ಇಣುಕದೆ ಹೋದದ್ದಕ್ಕೆ ತನ್ನನ್ನೂ ಬೈದುಕೊಂಡ. ರೇಡಿಯೇಟರಿನ ತೆಳು ತಗಡುಗಳು ಬಾಗದ ಹಾಗೆ, ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆದ. ಟಾರ್ಚು ಹಿಡಿದರೆ ಈಗ ಜರಡಿಯ ಹಾಗೆ ಬೆಳಕು ಬಂತು. ಅಂದಿನಿಂದ ವ್ಯಾನು ಶೆಡ್ಡಿಗೆ ಬೆನ್ನು ಹಾಕಿ ನಿಲ್ಲತೊಡಗಿತು.

ಮೂರನೆಯ ಸಲ ಹೊರಟಾಗ ಅತ್ತೆ ಛತ್ರಿ, ಬೀಸಣಿಗೆ, ನೀರಿನ ಬಾಟಲಿ ಎಲ್ಲ ಮಡಿಲಲ್ಲಿಟ್ಟುಕೊಂಡು ಯುದ್ಧಕ್ಕೆ ಹೊರಟವರಂತೆ ಕೂತರು. ದಿಬ್ಬ ಬಂತು. ಮಾಮ ರಸ್ತೆಗಿಂತ ಹೆಚ್ಚಾಗಿ ಮುಳ್ಳನ್ನೇ ನೋಡುತ್ತಿದ್ದನಾದ್ದರಿಂದ, ಮುಳ್ಳು ತಾನು ನೋಡುತ್ತೇನೆ, ನೀವು ರಸ್ತೆ ನೋಡಿ ಎಂದು ಹೆಂಡತಿ ಗದರಿದಳು. ಆ ತಿರುವು ದಾಟಿತು. ಮುಳ್ಳು ನಡುವಿನಲ್ಲೇ ನಿಂತಿತ್ತು. ಅತ್ತೆ ಬೀಸಣಿಗೆಯಿಂದ ಅಳಿಯನ ಕತ್ತಿಗೆ ಗಾಳಿ ಹಾಕಿದರು.

ಅಕ್ಕ ತಂಗಿ ಕೈಕೈ ಹಿಡಿದು ಕೂತವರು ಏಳಲೇ ಇಲ್ಲ. ಅಕ್ಕ ಓಡಾಡುವ ತನಕ ಇಲ್ಲೇ ಇರುತ್ತೇನೆ ಎಂದು ಅತ್ತೆ ಅಲ್ಲೇ ಉಳಿದುಬಿಟ್ಟರು. ಮಾಮ ನಿರಾಳವಾಗಿ ಮನೆಗೆ ಬಂದ. ಕೆಲವೇ ದಿನಗಳಲ್ಲಿ ಮನೆ ಬಿಕೋ ಎನ್ನತೊಡಗಿತು. ಊಟದ ಹೊತ್ತಿಗೆ ಯಾರೂ ಚುಚ್ಚುತ್ತಿರಲಿಲ್ಲ. ವಾರದ ರಜೆ ಬಂದಾಗ ಮಾಮ ಕೀಲಿ ತಿರುಗಿಸುತ್ತ, ಈ ಬಿಸಿಲಿಗೆ ಎಂಜಿನ್ ಹೇಗಿದೆ ಎಂದು ದಿಬ್ಬ ಹತ್ತಿಸಿಯೇ ನೋಡಬೇಕು ಎಂದ.

"ಎಂಜಿನ್ ನೋಡೋಕೆ ತಾನೆ?" ಎಂದಳು ಹೆಂಡತಿ.

"ಮತ್ತಿನ್ನೇನು?" ಎಂದ ಮಾಮ.

ಅವಳು ನಗು ತಡೆದುಕೊಂಡು, ಅಮ್ಮನ ಕನ್ನಡಕ ಇಲ್ಲೇ ಉಳಿದಿದೆ, ಹೇಗೂ ಹೋಗುತ್ತಿದ್ದೀರಲ್ಲ ಎಂದು ತಂದುಕೊಟ್ಟಳು.