ಮಾತುಕತೆ ಕಡ್ಡಾಯ

ಸಾರ್ವಜನಿಕ ವಾಹಿನಿಯು ಸ್ವತಂತ್ರ ನಿರ್ಮಾಪಕರ ಕಾರ್ಯಕ್ರಮವನ್ನು ಕೊಳ್ಳುವ ಮೊದಲು ಹಕ್ಕುಗಳ ಬಗ್ಗೆ ಮಾತುಕತೆ ನಡೆಸಬೇಕೆಂಬ ನಿಯಮವಿದೆ. ಅದನ್ನು ನಂಬಿ ನಾನು ಕಾರವಾರದ ಅತಿಥಿಗೃಹದಲ್ಲಿ ವಾಹಿನಿಯ ಅಧಿಕಾರಿಯ ಎದುರು ಕುಳಿತಿದ್ದೆ.

ನಾನು ಚಿತ್ರೀಕರಿಸಿದ್ದು ಅಂಕೋಲೆಯ ಮೀನುಗಾರರ ಕೇರಿಯ ಮದುವೆ ಹಾಡುಗಳನ್ನು. ಅವಿಲ್ಲದೆ ಅಲ್ಲಿ ಮದುಮಗಳಿಗೆ ಅರಿಸಿನ ಹಚ್ಚುವುದಿಲ್ಲ. ಹಾಡಿದ ದೇವಕಿ ಅಕ್ಕನ ದನಿ ಕುಗ್ಗುತ್ತಿತ್ತು. ಮುಂದೆ ತಾವು ಹಾಡಲಾಗದಿದ್ದರೂ ಹಾಡು ಉಳಿಯಲೆಂದು ಅವರದು ಒಂದೇ ಷರತ್ತು: ಕೇರಿಯ ಯಾವ ಮದುವೆಯ ಚಪ್ಪರದಲ್ಲಾದರೂ ಆ ಚಿತ್ರವನ್ನು ಯಾರ ಅನುಮತಿಯೂ ಇಲ್ಲದೆ ಹಾಕುವಂತಿರಬೇಕು.

ಅಧಿಕಾರಿ ತಂದಿದ್ದ ಕರಾರಿನಲ್ಲಿ ಎಲ್ಲ ಹಕ್ಕುಗಳೂ ಶಾಶ್ವತವಾಗಿ ವಾಹಿನಿಗೆ ಸೇರಿದ್ದವು. ಮದುವೆ ಚಪ್ಪರದಲ್ಲಿ ತೋರಿಸುವ ಹಕ್ಕೊಂದನ್ನು ನಮಗೆ ಬಿಡಿ ಎಂದೆ.

“ಆಗೂದಿಲ್ಲ ಮಾರಾಯ್ರೆ.”

“ಹಾಗಾದರೆ ಮಾತುಕತೆ?”

“ಈಗ ನಡೀತಲ್ಲ! ಮಾತುಕತೆ ಕಡ್ಡಾಯ. ಒಪ್ಪೂದು ಕಡ್ಡಾಯ ಅಲ್ಲ,” ಎಂದು ಅವರು ಪೆನ್ನು ಮುಂದಿಟ್ಟರು.

ಅವರ ದನಿಯಲ್ಲಿ ದುಷ್ಟತನವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ದುರ್ಬಲನಿಗೆ ಕುರ್ಚಿಯನ್ನಷ್ಟೇ ಕೊಡುವ ನಿಯಮಕ್ಕೆ ಶಿಷ್ಟಾಚಾರವೆಂದು ಹೆಸರಿಡುವುದು ಹೆಚ್ಚು ಪ್ರಾಮಾಣಿಕ.

ಸಹಿ ಮಾಡದೆ ಎದ್ದು ಅಂಕೋಲೆಯ ಬಸ್ಸು ಹಿಡಿದೆ. ದೇವಕಿ ಅಕ್ಕ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. ನಡೆದದ್ದನ್ನು ಹೇಳಿದೆ.

“ಹಂಗಾದ್ರೆ ಟೀವೀಲಿ ಬರೂದಿಲ್ವೇನೋ ತಮಾ? ಕೇರಿಗೆಲ್ಲಾ ಹೇಳ್ಕಂಡು ಬಂದಾಯ್ತಲ್ಲೋ!”

“ಆದರೆ ಚಪ್ಪರದಲ್ಲಿ ಹಾಕುವ ಹಕ್ಕು ನಮ್ಮಲ್ಲೇ ಉಳಿಯಿತು ಅಕ್ಕಾ.”

ಅವರು ಒಂದು ಬಂಗುಡೆಯನ್ನು ಮಗುಚಿ ಹಾಕಿ, ನನ್ನತ್ತ ನೋಡದೆ ಕೇಳಿದರು: “ಆ ಹಕ್ಕು ಯಾವ ಚಾನೆಲ್ಲಲ್ಲಿ ಬರ್ತದೆ?”