ಎರಡು ತೊಲೆ ಸೇರುವ ಜಾಗ

ಬೆಳಕು ಈಗಷ್ಟೇ ಹರಿಯುತ್ತಿದೆ. ಕ್ರೇನ್ ಚಾಲಕ ಇನ್ನೂ ಹಲ್ಲುಜ್ಜುತ್ತಿದ್ದಾನೆ. ತಗಡಿನ ಕಚೇರಿಯಲ್ಲಿ ಅತ್ತಿಗೆ ಆಗಲೇ ನಕ್ಷೆ ಹರವಿಕೊಂಡು ಕೂತಿದ್ದಾರೆ. ಇಡೀ ಸೈಟಿಗೇ ಅವರು ಅತ್ತಿಗೆ. ಮೇಲೆ ಹತ್ತಿ ಬೋಲ್ಟ್ ಬಿಗಿಯುವ ಫಿಟ್ಟರ್ ಅವರ ಸ್ವಂತ ಮೈದುನ. ಅವನು ಕರೆದದ್ದೇ ಎಲ್ಲರ ಬಾಯಲ್ಲೂ ನಿಂತಿದೆ.

ಉಕ್ಕಿನ ಕಟ್ಟಡದಲ್ಲಿ ತೊಲೆ ಬಂದು ಕಂಬಕ್ಕೆ ಸೇರುತ್ತದಲ್ಲ, ಆ ಜೋಡಣೆಯ ವಿನ್ಯಾಸ ಇವರ ಕೆಲಸ. ಎಷ್ಟು ಬೋಲ್ಟ್, ಎಷ್ಟು ದಪ್ಪದ ಪ್ಲೇಟು, ಎಲ್ಲಿ ವೆಲ್ಡಿಂಗು, ಎಲ್ಲ ಇವರದೇ ಲೆಕ್ಕ. ಕಟ್ಟಡ ಎದ್ದ ಮೇಲೆ ಫಾಲ್ಸ್ ಸೀಲಿಂಗ್ ಹಾಕಿ ಅದನ್ನೆಲ್ಲ ಮುಚ್ಚುತ್ತಾರೆ. ಹೆಸರು ಮಾತ್ರ ಆರ್ಕಿಟೆಕ್ಟರದು. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗಿದು ಅನ್ಯಾಯ ಅನ್ನಿಸುತ್ತದೆ, ಅವರಿಗೆ ಅನ್ನಿಸಿದಂತಿಲ್ಲ. "ತಳಪಾಯನೂ ಯಾರೂ ನೋಡಲ್ವಲ್ಲ," ಎಂದು ಟೀ ಲೋಟ ನನ್ನತ್ತ ತಳ್ಳುತ್ತಾರೆ.

ಶುರುವಿನಲ್ಲಿ "ಹೆಂಗಸು ಏಣಿ ಹತ್ತುತ್ತಾಳಾ?" ಅಂದವರಿಗೆ ಹತ್ತಿಯೇ ತೋರಿಸಿದವರು ಇವರು. ಗಂಡ ತೀರಿಕೊಂಡ ಮೇಲೆ ಮೈದುನನನ್ನು ಓದಿಸಲು ನೋಡಿದರು. ಓದು ಅವನ ತಲೆಗೆ ಹತ್ತಲಿಲ್ಲ, ಅವನು ಕಂಬ ಹತ್ತಿದ.

ಮಾತಿನ ನಡುವೆ ಅವರ ಬೆರಳು ನಕ್ಷೆಯ ಮೇಲೆ ನಿಲ್ಲುತ್ತದೆ. ಕಂಬದ ಆಚೆಗೊಂದು ತೊಲೆ, ಈಚೆಗೊಂದು. ಎರಡಕ್ಕೂ ಕಂಬವನ್ನು ತೂರಿ ಹೋಗುವ ಅವೇ ಬೋಲ್ಟುಗಳು. ನೆನ್ನೆ ತಾವೇ ಸಹಿ ಹಾಕಿದ ನಕ್ಷೆ. ಅವರು ಎದ್ದು ಹೊರಗೋಡುತ್ತಾರೆ: "ತೊಲೆ ಎತ್ತಬೇಡಿ!"

ಗುತ್ತಿಗೆದಾರರು ಹುಬ್ಬು ಗಂಟಿಕ್ಕುತ್ತಾರೆ. "ಲೆಕ್ಕ ಸರಿಯಿದೆ ಅಂತ ನೀವೇ ಹೇಳಿದ್ರಲ್ಲಮ್ಮಾ?"

"ಕಟ್ಟಿ ಮುಗಿದ ಮೇಲೆ ಸರಿ ಸಾರ್. ಕಟ್ಟೋವಾಗ? ಎರಡನೇ ತೊಲೆ ಸೇರಿಸೋಕೆ ಮೊದಲನೇದರ ನಟ್ಟು ಬಿಚ್ಚಲೇಬೇಕು. ಆ ಗಳಿಗೇಲಿ ಅದನ್ನ ಹಿಡಿಯೋರು ಯಾರು? ಅದರ ಮೇಲೇ ಒಬ್ಬ ಕೂತಿರ್ತಾನೆ. ತಪ್ಪು ನನ್ನದೇ."

ಆ ಒಬ್ಬ ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಗುತ್ತಿಗೆದಾರರು ಗೊಣಗುತ್ತಲೇ ಒಪ್ಪುತ್ತಾರೆ. ಮೊದಲ ತೊಲೆಯ ತುದಿ ಕೂರಲೆಂದು ಕಂಬಕ್ಕೆ ಉಕ್ಕಿನದೊಂದು ಆಸರೆ ವೆಲ್ಡ್ ಆಗುತ್ತದೆ. ಬಿಸಿಲೇರಿದ ಮೇಲೆ ತೊಲೆಗಳು ಮೇಲೇರುತ್ತವೆ. ಮೈದುನ ನಟ್ಟು ಬಿಚ್ಚುವಾಗ ಅತ್ತಿಗೆ ಸೆರಗು ಹಿಡಿದು ನಿಂತಿದ್ದಾರೆ. ಮೊದಲ ತೊಲೆ ಅಲ್ಲಾಡದೆ ಕೂತಿದೆ. ಎರಡನೆಯದು ಬಂದು ಸೇರುತ್ತದೆ.

ಕೆಳಗಿಳಿದ ಮೈದುನ ಹೆಲ್ಮೆಟ್ ತೆಗೆದು, "ಅತ್ತಿಗೆ, ಹೊಟ್ಟೆ ಹಸೀತಿದೆ," ಅನ್ನುತ್ತಾನೆ. ಅಷ್ಟೇ.

ನಿಮಗೇನಾದರೂ ಆಸೆ ಇದೆಯಾ ಎಂದು ಅತ್ತಿಗೆಯನ್ನು ಕೇಳುತ್ತೇನೆ.

"ಉದ್ಘಾಟನೆಗೆ ಕರೀದಿದ್ರೂ ಪರವಾಗಿಲ್ಲ," ಎಂದು ಅವರು ಊಟದ ಡಬ್ಬಿ ಬಿಚ್ಚುತ್ತಾರೆ. "ಮೇಲೆ ಹತ್ತಿದೋರು ಹೀಗೇ ಹಸಿವು ಅಂತ ಇಳಿದು ಬಂದ್ರೆ ಸಾಕು."